ಮಾವಿನ ತೋಪಿನ ಮೌನಿ ಸಿಳ್ಳಾರ

೯ ಡಿಸೆಂಬರ್ ೨೦೦೬, ಬೆಳಿಗ್ಗೆ ೭

ಮತ್ತೆ ಅದೇ ಜಾಗ. ಘಾಜಿಯಾಬಾದಿನ ಮಂಜು, ನಮ್ಮ ವಸತಿ ಸೊಸೈಟಿಯ ಹಿಂದೆ ಉಳಿದಿರುವ ಹಳೇ ಮಾವಿನ ತೋಪು, ಕೈಯಲ್ಲಿ ಬೈನಾಕ್ಯುಲರ್. ಬಂತು ಹಕ್ಕಿ! ಪರದೆ ಸರಿಸಿದಂತೆ ಮಂಜಿನೊಳಗಿಂದ ರಂಗಪ್ರವೇಶ. ಹೊಂಗಂದು ಮೈ, ಅದರ ತುಂಬ ಕಪ್ಪು ಅರ್ಧಚಂದ್ರಗಳು. ಎರಡು ಹೆಜ್ಜೆ, ನಿಲುಗಡೆ. ಕಾಲು ಕದಲದು, ಮೈ ಮಾತ್ರ ತೂಗುತ್ತದೆ. ಆಮೇಲೆ ಕೊಕ್ಕಿನಿಂದ ಒಣಗಿದೆಲೆ ಮಗುಚಿ, ಹುಳ ಗುಳುಂ.

"ಆಹಾ!" ಎಂದುಬಿಟ್ಟೆ. ಮೈಕಿಲ್ಲದ ಕಂಪನಿ ನಾಟಕಗಳಲ್ಲಿ ಬೆಳೆದ ಗಂಟಲು. ಪುರ್ರನೆ ಹಾರಿತು... ರೆಕ್ಕೆಯಡಿ ಕಪ್ಪು-ಬಿಳಿ ಪಟ್ಟೆ! ಪುಸ್ತಕ ತೆರೆದೆ. ಸ್ಕೇಲಿ ಥ್ರಶ್. ನಮ್ಮ ಸಿಳ್ಳಾರದ ಬಳಗ. ಚಳಿಗೆ ಬೆಟ್ಟದ ಕಾಡಿನಿಂದ ಇಳಿದು ಬಂದದ್ದು. ಸಿಳ್ಳೆ ಮಾತ್ರ ಇಲ್ಲ — ಚಳಿ ಮುಗಿಯುವ ತನಕ ಮೌನವ್ರತ.

ಮನೆಯಲ್ಲಿ ದೇವಕಿ: "ನಿಮ್ಮ ಕೂಗಿಗೆ ಹಕ್ಕಿ ಏನು, ಹಾಲಿನ ಭಯ್ಯಾನೂ ಓಡಿಹೋಗ್ತಾನೆ ಕಣ್ರೀ."

೧೭ ಡಿಸೆಂಬರ್

ಸೊಸೈಟಿ ಮೀಟಿಂಗ್. ಸೆಕ್ರೆಟರಿ ತ್ಯಾಗಿಯ ಘೋಷಣೆ: ಮುಂದಿನ ಭಾನುವಾರ ತೋಪಿನ ಒಣ ಎಲೆ ಗುಡಿಸಿ ಸುಡುವುದು. ಎದ್ದೆ. ಎಲೆ ಹೋದರೆ ಹುಳ ಇಲ್ಲ, ಹುಳ ಹೋದರೆ ನನ್ನ ಹಕ್ಕಿ ಇಲ್ಲ ಎಂದೆ.

"ಅರೇ ಚಂದ್ರಪ್ಪಾಜೀ, ವೋ ತೋ ಸಾತ್ ಭಾಯಿ ಹೈ!" ಎಂದ ತ್ಯಾಗಿ.

ಸಾತ್ ಭಾಯಿ! ಗುಂಪುಗಟ್ಟಿ ಗಲಾಟೆ ಮಾಡುವ ಹರಟೆಮಲ್ಲ! ಎಲ್ಲರೂ ನಕ್ಕರು. ಹಿಂದಿಯಲ್ಲೇ ಗುಡುಗಿದೆ: ಏಳು ಅಣ್ಣತಮ್ಮಂದಿರಾದರೆ ಉಳಿದ ಆರು ಜನ ಎಲ್ಲಿ ತ್ಯಾಗಿಜೀ, ರಜೆ ಮೇಲಾ?

ನಗು ನಿಂತಿತು. ಠರಾವು ಮಾತ್ರ ಪಾಸಾಯಿತು.

೨೩ ಡಿಸೆಂಬರ್

"ಒಂದು ಹಕ್ಕಿಗೋಸ್ಕರ ಇಡೀ ಸೊಸೈಟಿ ಎದುರು ಹಾಕ್ಕೋತೀರಾ?" — ದೇವಕಿ.

ಹಾಕಿಕೊಳ್ಳುತ್ತೇನೆ.

೨೪ ಡಿಸೆಂಬರ್, ಬೆಳಿಗ್ಗೆ ೭.೩೦

ಎಲೆಗಳ ನಡುವೆ ಕುರ್ಚಿ ಹಾಕಿ, ಕುಳಿತಲ್ಲೇ ಬರೆಯುತ್ತಿದ್ದೇನೆ. ಗುಡಿಸುವ ರಾಮವತಿ ಪೊರಕೆ ಹಿಡಿದು ಬಂದಿದ್ದಾಳೆ. ತ್ಯಾಗಿಯ ಕೈಯಲ್ಲಿ ಬೆಂಕಿಪೊಟ್ಟಣ.

"ಉಠಿಯೇ ಚಂದ್ರಪ್ಪಾಜೀ. ನಾಟಕ್ ಮತ್ ಕೀಜಿಯೇ."

ನಾಟಕ ಬೇಡವಂತೆ! ನನಗೆ ಹೇಳುವ ಮಾತೇ! ಎದೆ ತುಂಬ ಉಸಿರೆಳೆದೆ. ಗರ್ಜಿಸಬೇಕು, ಅಷ್ಟರಲ್ಲಿ... ಬೇರಿನ ಹಿಂದೆ ಸರಸರ. ಅದೇ. ಗರ್ಜನೆ ನುಂಗಿದೆ.

"ನಹೀಂ ಉಠೂಂಗಾ." ಏಳುವುದಿಲ್ಲವೆಂದು ಪಿಸುಗುಟ್ಟಿದೆ. ಹುಟ್ಟಿದಾಗಿನಿಂದ ಇಷ್ಟು ಮೆಲ್ಲಗೆ ಯಾರಿಗೂ ಸವಾಲು ಹಾಕಿಲ್ಲ.

ತ್ಯಾಗಿ ಕೂಗಲು ಬಾಯಿ ತೆರೆದ. "ಶ್... ಸಾಹಬ್!" ಗದರಿದ್ದು ರಾಮವತಿ. ಪೊರಕೆ ಕೆಳಗಿಟ್ಟಳು. ಈಗ ಮೂವರೂ ನೋಡುತ್ತಿದ್ದೇವೆ. ಹಕ್ಕಿ ನನ್ನ ಚಪ್ಪಲಿಯ ಹತ್ತಿರ. ಮೈ ತೂಗುತ್ತಿದೆ. ಒಂದು ಎಲೆ ಮಗುಚಿತು. ಇನ್ನೊಂದು —