ಚಕ್ರಕ್ಕೆ ಕಲ್ಲು

ವನಗೂರು,
ಭಾನುವಾರ

ನೀಲಾ,

ಕಾಲಿನ ಬಾವು ಇಳಿಯಿತೇ? ಫೋನ್ ಮಾಡಿದರೆ ನಿಮ್ಮವ್ವ ಎತ್ತಿ, "ಮಲಗವ್ಳೆ ಕಣಪ್ಪ, ಮತ್ತೆ ಬೀಳ್ಸಕ್ಕೆ ಬತ್ತೀಯಾ?" ಅಂತಾರೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ತಪ್ಪು ನನ್ನದೇ. ಹನ್ನೆರಡು ವರ್ಷ ಎಸ್ಟೇಟ್ ಜೀಪ್ ಓಡಿಸಿದವನಿಗೆ, ಏರಿನಲ್ಲಿ ಗಾಡಿ ನಿಂತರೆ ಬಾಯಿಗೆ ಬರುವುದು ಒಂದೇ ಮಾತು: "ಇಳಿದು ಚಕ್ರಕ್ಕೆ ಕಲ್ಲು ಕೊಡು." ಅವತ್ತು ಬೈಕಿನ ಮೇಲೆ ಕೂತು ನಿನಗೂ ಹಾಗೇ ಅಂದುಬಿಟ್ಟೆ. ನೀನು ಇಳಿದ ಕಡೆಗೇ ಅಷ್ಟು ಭಾರದ ಬೈಕು ವಾಲಿಬಿಟ್ಟಿತು. ಕನ್ಯಾಕುಮಾರಿ ತೋರಿಸುತ್ತೇನೆ ಅಂತ ತಂದ ಬೈಕು, ಮೂರು ತಿಂಗಳಾದರೂ ಸಕಲೇಶಪುರ ದಾಟಿಲ್ಲ.

ಈಗ ದಿನಾ ಬೆಳಿಗ್ಗೆ ಹಿಂದಿನ ಸೀಟಿಗೆ ಕಾಫಿ ಮೂಟೆ ಕಟ್ಟಿ ಅದೇ ಏರು ಹತ್ತುತ್ತೇನೆ. ಸ್ಟೋರಿನ ಗುಂಡಯ್ಯ, "ಏನ್ ಮಾರಾಯ, ಹೆಂಡ್ತಿ ಬದ್ಲು ಮೂಟೆ ಕಟ್ಕಂಡ್ಯಾ?" ಅಂತ ನಗುತ್ತಾನೆ. ನಿನ್ನೆ ಎರಡು ಸಲ ನಡುವೆ ನಿಲ್ಲಿಸಿ ಮತ್ತೆ ಹೊರಟೆ, ಬೀಳಲಿಲ್ಲ. ಆದರೆ ಮೂಟೆಗೆ ಹೆದರಿಕೆ ಇಲ್ಲವಲ್ಲ, ನಿನಗೆ ಇರುತ್ತದೆ. ಬೈಕಿನ ಸ್ಟ್ಯಾಂಡ್ ಸರಿಯಾಗಿ ಹಾಕಿದ್ದೇನಾ ಅಂತ ಈ ಕಾಗದ ಬರೆಯುವ ನಡುವೆಯೂ ಎದ್ದು ಹೋಗಿ ನೋಡಿ ಬಂದೆ.

ಗುರುವಾರ ನಿಮ್ಮೂರಿಗೆ ಬರುತ್ತೇನೆ. ಬ್ಯಾಗ್ ಮಾತ್ರ ನನಗೆ ಕೊಟ್ಟು ನೀನು ಬಸ್ ಹತ್ತು, ನಾನು ಬೈಕಿನಲ್ಲಿ ಹಿಂದೆಯೇ ಬರುತ್ತೇನೆ. ನಿಮ್ಮವ್ವನಿಗೂ ಹಾಗೇ ಹೇಳು. ಹಿಂದಿನ ಕಿಟಕಿ ಪಕ್ಕ ಸೀಟು ಸಿಕ್ಕರೆ ಆಗಾಗ ತಿರುಗಿ ನೋಡುತ್ತಿರು, ಆದರೆ ಕೈ ಬೀಸಬೇಡ. ನಾನು ಬೀಸದೆ ಇದ್ದರೆ ಸಿಟ್ಟು ಅಂದುಕೊಳ್ಳುತ್ತೀಯ. ಹ್ಯಾಂಡಲ್ ಬಿಟ್ಟು ಕೈ ಎತ್ತುವಷ್ಟು ನಾನಿನ್ನೂ ಕಲಿತಿಲ್ಲ.

ನಿನ್ನ ದಾರಿ ನೋಡುತ್ತಿರುವ,
ಸೋಮಣ್ಣ