ಥಾರ್ನ್‌ಬಿಯ ಕೈಬರಹ

ಲೀಲಾವತಿ ಮೇಡಂ,

ನೀವು ತೀರಿಹೋಗಿ ಎರಡು ವರ್ಷವಾಯಿತು. ಆದರೂ ಇವತ್ತಿನ ಸೆಮಿನಾರಿನ ವರದಿಯನ್ನು ನಿಮಗೇ ಒಪ್ಪಿಸಬೇಕು.

ನಗೋಯಾದ ನಮ್ಮ ವಿಭಾಗಕ್ಕೆ ಹೋದ ತಿಂಗಳು ಒಂದು ಹಳೆಯ ಪೆಟ್ಟಿಗೆ ಬಂತು. ಅದರ ತುಂಬ, ಯುದ್ಧದಲ್ಲಿ ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿಗಳಿಂದ ಜಪಾನಿನವರು ಬರೆಸಿಕೊಂಡಿದ್ದ ಫಾರಂಗಳು. ಒಂದರಲ್ಲಿ ಹೆಸರಿದ್ದ ಅಂಚು ಹರಿದುಹೋಗಿತ್ತು. ಮದ್ರಾಸಿನಲ್ಲಿ ಹಡಗಿನಿಂದ ಇಳಿದ ದಿನದಿಂದ ಬ್ರಿಗೇಡಿಯರ್ ಆಗುವವರೆಗಿನ ಮೂವತ್ತು ವರ್ಷದ ನೌಕರಿ ಅದರಲ್ಲಿತ್ತು. ಸಾಲಿನ ಕೊನೆಗೆ ಬಂದಂತೆಲ್ಲ ಮೇಲೇರುವ ಅಕ್ಷರ ನೋಡಿಯೇ ಅದು ನೀವು ಜೀವನಚರಿತ್ರೆ ಬರೆದ ಥಾರ್ನ್‌ಬಿಯದೆಂದು ಗೊತ್ತಾಯಿತು. "ಅಮ್ಮನ ಅಕ್ಷರ ಗುರುತು ಹಿಡೀತೀಯಲ್ಲ, ಇವನದ್ದೂ ಹಾಗೇ ಹಿಡೀಬೇಕು ಕಣೇ," ಎನ್ನುತ್ತ ಮೈಸೂರಿನ ನಿಮ್ಮ ಊಟದ ಮೇಜಿನ ಮೇಲೆ ಅವನ ಪತ್ರಗಳನ್ನು ಹರಡಿ ನಾಲ್ಕು ವರ್ಷ ಕಲಿಸಿದ್ದಿರಿ.

ಸಂತೆಯಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿಸಲು ಅವನು ಒಪ್ಪಲಿಲ್ಲ ಎಂದು ನಿಮ್ಮ ಪುಸ್ತಕ ಹೇಳುತ್ತದೆ. ಫಾರಂನಲ್ಲಿ ಅವನು ಅದೇ ತಾರೀಖು ಹಾಕಿ, ಆದೇಶ ಕೊಟ್ಟವನು ತಾನೇ ಎಂದು ಬರೆದಿದ್ದಾನೆ. ಬರೆದಿರುವುದು ಸಾಧನೆಗಳ ಕಾಲಂನಲ್ಲಿ.

ಅದನ್ನೇ ಇವತ್ತು ಎಲ್ಲರ ಮುಂದೆ ಓದಿದೆ. ಮುಗಿದ ಮೇಲೆ ಸಹೋದ್ಯೋಗಿ ಮೊರಿತಾ ಸಾನ್ ಹತ್ತಿರ ಬಂದು, ಹೆಸರಿಲ್ಲದ ಹಾಳೆಯನ್ನು ಹೇಗೆ ಗುರುತಿಸಿದಿರಿ, ಈ ಕೈಬರಹ ಓದಲು ಯಾರು ಕಲಿಸಿದರು ಎಂದು ಕೇಳಿದರು. ನಿಮ್ಮ ಹೆಸರು ಹೇಳಿದ್ದರೆ ಮುಂದಿನ ಪ್ರಶ್ನೆ ನಿಮ್ಮ ಪುಸ್ತಕದ್ದೇ ಆಗಿರುತ್ತಿತ್ತು.

"ಯಾರೂ ಕಲಿಸಲಿಲ್ಲ. ನಾನೇ ಕಲಿತೆ," ಅಂದೆ.

ಬಹಳ ಕಷ್ಟಪಟ್ಟಿದ್ದೀರಿ ಎಂದು ಅವರು ತಲೆಬಾಗಿಸಿದರು. ನಾನೂ ತಲೆಬಾಗಿಸಿ ಅರಿಗಾತೋ, ಧನ್ಯವಾದ ಅಂದೆ.

ಸ್ಪಂದನಾ