ರತ್ನಗಿರಿಗೆ ಹೋಗಬೇಕಾದ ಬಸ್ಸು ಮದುವೆಗೆ ಹೋದ ಬಗ್ಗೆ

ನಮ್ಮ ಸೀಮೆಯ ಸಮಸ್ತ ಬಸ್ಸುಗಳ ಹಣೆಬರಹವನ್ನು ಒಂದೇ ಕುರ್ಚಿಯಲ್ಲಿ ಕುಳಿತು ಬರೆಯುವ ಡಿಪೋ ಮ್ಯಾನೇಜರ್ ಮಹಾಶಯರೇ,

ಭಾನುವಾರ ಬೆಳಿಗ್ಗೆ ಅಮರಾಪುರದಿಂದ ರತ್ನಗಿರಿಗೆ ಹೋಗಬೇಕಾದ ಬಸ್ಸನ್ನು ತಾವು ವಾರ ತಪ್ಪದೆ ಮದುವೆ ದಿಬ್ಬಣಗಳಿಗೆ ಬಾಡಿಗೆಗೆ ಬಿಡುತ್ತಿದ್ದೀರಿ. ಬರುವ ಭಾನುವಾರ ಮಾತ್ರ ಅದನ್ನು ದಯವಿಟ್ಟು ರತ್ನಗಿರಿಗೇ ಕಳಿಸಿ. ನನ್ನ ಅಹವಾಲು ಇಷ್ಟೇ. ತಮಗೆ ಪುರುಸೊತ್ತಿಲ್ಲದಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಆದೇಶಕ್ಕೆ ಸಹಿ ಹಾಕಬಹುದು, ನನಗೆ ಬೇಸರವಿಲ್ಲ. ಪುರುಸೊತ್ತಿದ್ದರೆ ಮುಂದೆ ಓದಿ, ಏಕೆಂದರೆ ನನ್ನ ಮಾತನ್ನು ಮನೆಯಲ್ಲಿ ಯಾರೂ ನಂಬುತ್ತಿಲ್ಲ.

ನನ್ನ ಚಿಕ್ಕಮ್ಮನ ಮಗಳು ಉಷಾ ಈ ಸಲ ಹತ್ತನೇ ತರಗತಿ ಪಾಸಾದಳು. ನಮ್ಮ ಕಡೆ ಪಾಸಾದ ಮಕ್ಕಳಿಗೆ ಸಿಗುವ ಬಹುಮಾನ ತಮಗೂ ಗೊತ್ತು: ಟ್ರಂಕು, ಬಕೆಟ್ಟು, ಎರಡು ವರ್ಷ ಹಾಸ್ಟೆಲಿನಲ್ಲೇ ಇದ್ದು ಓದುವ ಇಂಟರ್ ಕಾಲೇಜು. ಅಲ್ಲಿ ಫೋನಿಲ್ಲ, ಭಾನುವಾರವೂ ಇಲ್ಲ, ಓದುವ ಹೊತ್ತಿನಲ್ಲಿ ಕೆಮ್ಮಿದರೂ ಹೆಸರು ಬರೆದುಕೊಳ್ಳುತ್ತಾರಂತೆ. ಬರುವ ಭಾನುವಾರ ಕಳೆದರೆ ಸೋಮವಾರ ಅವಳು ಹೊರಡುತ್ತಾಳೆ. ಅದಕ್ಕೂ ಮುಂಚೆ ಅವಳನ್ನೂ, ಬೇರೆ ಊರಿನ ಇನ್ನೊಂದು ಕಾಲೇಜಿಗೆ ಸೇರಲಿರುವ ಅವಳ ಗೆಳತಿ ಶ್ರೀಲತಾಳನ್ನೂ, ಒಂಬತ್ತನೇ ತರಗತಿಯ ನನ್ನ ತಮ್ಮ ಜಗದೀಶನನ್ನೂ ಒಂದು ದಿನ ಸುತ್ತಾಡಿಸಿಕೊಂಡು ಬರುತ್ತೇನೆಂದು ನಾನು ಮಾತು ಕೊಟ್ಟೆ. ಹದಿಹರೆಯದ ಮೂವರನ್ನು ಒಂದೇ ಜಾಗಕ್ಕೆ ಒಪ್ಪಿಸುವುದೆಂದರೆ ತಮಗೆ ಏನೆಂದು ಗೊತ್ತೇ? ಜಗದೀಶನಿಗೆ ಎಲ್ಲಾದರೂ ಸರಿ, ಪರೋಟ ಸಿಗಬೇಕು. ಶ್ರೀಲತಾಳಿಗೆ ಫೋಟೊದಲ್ಲಿ ಹಿಂದೆ ಆಕಾಶ ಇರಬೇಕು, ಕರೆಂಟ್ ಕಂಬ ಇರಬಾರದು. ಉಷಾಳಿಗೆ ರತ್ನಗಿರಿಯ ಕೋಟೆಯೇ ಆಗಬೇಕು.

"ಏಳನೇ ಕ್ಲಾಸಲ್ಲಿ ಮೇಷ್ಟ್ರು ಕರ್ಕೊಂಡೋಗಿದ್ರಲ್ಲೇ, ನೋಡಿದ್ದೀಯಲ್ಲ," ಎಂದೆ.

"ಬಾಯ್ಮೇಲೆ ಬೆರಳಿಟ್ಕೊಂಡು ಹತ್ಸಿದ್ರು ಕಣಣ್ಣ, ಅಂಗೇ ಇಳಿಸಿದ್ರು. ಈಗ ಇನ್ನೆರಡು ವರ್ಷ ಬಾಯ್ ಬುಡಂಗಿಲ್ಲ. ಒಂದ್ಸಲ ಆ ಬೆಟ್ಟದ ಮ್ಯಾಲೆ ನಿಂತ್ಕೊಂಡು ಜೋರಾಗಿ ಕೂಗ್ಬೇಕು, ಅಷ್ಟೇ."

ಏನು ಕೂಗುತ್ತೀಯ ಎಂದು ಕೇಳಿದೆ. ಅದನ್ನು ಅಲ್ಲೇ ನಿರ್ಧರಿಸುತ್ತಾಳಂತೆ.

"ಬೈಕಿನಲ್ಲಿ ಹೋಗಬಾರದೇ?" ಎಂದು ತಾವು ಕೇಳಬಹುದು. ಬೈಕು ಒಂದು, ನಾವು ನಾಲ್ವರು. ನಮ್ಮೂರಿನ ಒಂದೇ ಆಟೊ ಕೂಡ ಲಗ್ನದ ಕಾಲದಲ್ಲಿ ಮದುವೆಗಳಿಗೇ ಓಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಚಿಕ್ಕಮ್ಮ ಎರ್ರಮ್ಮನವರ ಷರತ್ತು ಇದೆ: "ಸರ್ಕಾರಿ ಬಸ್ಸಲ್ಲಾದ್ರೆ ಓಗಿ. ಡ್ರೈವರಣ್ಣ ನಿಧಾನಕ್ಕೆ ಓಡಿಸ್ತಾನೆ, ಕಂಡಕ್ಟ್ರಣ್ಣ ಹೆಣ್ಮಕ್ಕಳನ್ನ ಜ್ವಾಪಾನ ಮಾಡ್ತಾನೆ. ಈ ಮುತ್ತುರಾಜನ್ನ ನಂಬ್ಕೊಂಡು ನಾನು ಕಳ್ಸಲ್ಲ." ಮಹಾಶಯರೇ, ಇಡೀ ಮಂಡಲದಲ್ಲಿ ತಮ್ಮ ಇಲಾಖೆಯನ್ನು ಮನಸಾರೆ ನಂಬುವ ಕೊನೆಯ ವ್ಯಕ್ತಿ ನಮ್ಮ ಚಿಕ್ಕಮ್ಮ. ಆಕೆಯನ್ನು ತಾವು ಹೇಗೆ ನಡೆಸಿಕೊಂಡಿರಿ, ಕೇಳಿ.

ಕಳೆದ ಭಾನುವಾರ ಬಸ್ಸು ಬಂತು. ಹಣೆಯ ಮೇಲೆ ರತ್ನಗಿರಿ ಎಂಬ ಬೋರ್ಡು ಇತ್ತು. ನಾವು ಹತ್ತಿದೆವು. ಹತ್ತಿದ ತಕ್ಷಣ ಒಬ್ಬ ಹಿರಿಯರು ನಮ್ಮ ಮೇಲೆ ಪನ್ನೀರು ಚಿಮುಕಿಸಿದರು, ಒಬ್ಬಾಕೆ ಹುಡುಗಿಯರಿಗೆ ಮಲ್ಲಿಗೆ ಕೊಟ್ಟರು. ಟಿಕೆಟ್ ಕೇಳುವವರೇ ಇಲ್ಲ. ಇದು ಇಲಾಖೆಯ ಹೊಸ ಗ್ರಾಹಕ ಸೇವೆ ಇರಬೇಕೆಂದು ನಾನು ಪ್ರಾಮಾಣಿಕವಾಗಿ ಭಾವಿಸಿ, ತಮ್ಮನ್ನು ಮನಸ್ಸಿನಲ್ಲೇ ಅಭಿನಂದಿಸಿದೆ. ರತ್ನಗಿರಿಗೆ ಹೋಗಲು ರೊಳ್ಳದ ಕಡೆ ತಿರುಗಬೇಕಿದ್ದ ಬಸ್ಸು ಮಡಕಶಿರದ ದಾರಿ ಹಿಡಿದಾಗ ಮಾತ್ರ ಎದ್ದು ಹೋಗಿ ಡ್ರೈವರನ್ನು ಕೇಳಿದೆ: "ಅಣ್ಣಾ, ರತ್ನಗಿರಿ?"

"ಬೋರ್ಡ್ ತಿರುಗ್ಸಕ್ಕೆ ಟೈಮಾಗ್ಲಿಲ್ಲ ಕಣಪ್ಪ. ಕುಂತ್ಕೋ, ಮುಹೂರ್ತ ಮೀರ್ತದೆ."

ದಾರಿಯಲ್ಲಿ ಇಳಿದರೆ ಹೊಲಗಳ ನಡುವೆ ನಿಲ್ಲಬೇಕು. ಕುಳಿತೆವು. ಆ ಮದುವೆಯಲ್ಲಿ ಹುಡುಗನ ಕಡೆಯವರದು ತೆಲುಗು, ಹುಡುಗಿಯ ಕಡೆಯವರದು ಕನ್ನಡ. ಗಡಿ ಸೀಮೆಯವರಾದ ನಮ್ಮ ನಾಲ್ವರ ಬಾಯಲ್ಲಿ ಎರಡೂ ಸಲೀಸು. ತೆಲುಗಿನವರು ಮಾತಾಡಿಸಿದರೆ ಮರ್ಯಾದೆಗೆ ತೆಲುಗಿನಲ್ಲಿ, ಕನ್ನಡದವರು ಮಾತಾಡಿಸಿದರೆ ಕನ್ನಡದಲ್ಲಿ ಉತ್ತರಿಸಿದೆವು. ಹೀಗಾಗಿ ಎರಡೂ ಕಡೆಯವರು ನಮ್ಮನ್ನು ತಮ್ಮ ಮನೆಯ ಹುಡುಗರೆಂದೇ ತೀರ್ಮಾನಿಸಿದರು. ಮನೆಯ ಹುಡುಗರು ಮದುವೆಯಲ್ಲಿ ಏನು ಮಾಡುತ್ತಾರೆ? ಬಡಿಸುತ್ತಾರೆ. ನನ್ನ ಕೈಗೆ ಸಾರಿನ ಬಕೆಟ್ಟು ಬಂತು. ಪರೋಟದ ಕನಸು ಕಂಡ ಜಗದೀಶ್ ಪಂಕ್ತಿ ಪಂಕ್ತಿಗೂ ಎಲೆ ಹಾಸಿದ. ಶ್ರೀಲತಾಳ ಫೋಟೊಗಳಲ್ಲಿ ಆಕಾಶದ ಬದಲು ಅನ್ನದ ಹಂಡೆ ಇದೆ. ಊಟವಾದ ತಕ್ಷಣ ಬಸ್ಸು ಹೊರಡುತ್ತದೆ ಎಂದರು. ಆ ‘ತಕ್ಷಣ’ ಸಂಜೆಯವರೆಗೂ ಉದ್ದವಾಯಿತು.

ಮಂಟಪದ ಕಿಟಕಿಯಿಂದ ಮಡಕಶಿರದ ಬೆಟ್ಟದ ಕೋಟೆ ಕಾಣುತ್ತಿತ್ತು. "ಅಣ್ಣ, ಅದೂ ಕೋಟೆನೇ ಅಲ್ವಾ, ಓಡೋಗ್ ಬರನಾ?" ಎಂದಳು ಉಷಾ. ಬಸ್ಸು ತಪ್ಪಿದರೆ ಮನೆಗೆ ಹೋಗುವುದು ಹೇಗೆಂದು ಹೆದರಿ ನಾನು ಬೇಡ ಎಂದೆ. ಅವಳು ಬಾಯಿ ತೆರೆದಳು, ಸುತ್ತ ಪಾಯಸ ಕುಡಿಯುತ್ತಿದ್ದವರನ್ನು ನೋಡಿ ಮುಚ್ಚಿಕೊಂಡಳು. ಮಹಾಶಯರೇ, ಅದನ್ನು ನಾನು ನೋಡಬಾರದಿತ್ತು.

ತಲೆಯ ತುಂಬ ಅಕ್ಷತೆ, ಕೈಯಲ್ಲಿ ತೆಂಗಿನಕಾಯಿ ಚೀಲ ಹಿಡಿದು ಮನೆಗೆ ಬಂದೆವು. ಚಿಕ್ಕಮ್ಮ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಕೋಟೆ ಮ್ಯಾಲೆ ತಾಂಬೂಲ ಕೊಡ್ತಾರೇನ್ಲಾ ಮುತ್ತುರಾಜ?" ಎಂದರು. ನಡೆದದ್ದನ್ನು ನಡೆದಂತೆ ಹೇಳಿದೆ. ನನ್ನ ಜೀವಮಾನದಲ್ಲಿ ಅಷ್ಟು ಅಪ್ಪಟ ಸತ್ಯ ನಾನು ಹೇಳಿದ್ದೇ ಇಲ್ಲ. "ಸರ್ಕಾರದ ಬಸ್ಸು ಬೋರ್ಡಾಕ್ಕೊಂಡು ಸುಳ್ಳೇಳ್ತದಾ? ನಿಂದೇ ಈ ಆಟ!" ಎಂದುಬಿಟ್ಟರು. ತಮ್ಮ ತಪ್ಪಿಗೆ ಬೈಗುಳ ತಿಂದವನು ನಾನು.

ಮರುದಿನ ತಮ್ಮ ಕಚೇರಿಗೆ ಬಂದೆ. ತಾವು ಇರಲಿಲ್ಲ. ಮೇಜಿನ ಹಿಂದಿದ್ದವರು, "ಭಾನುವಾರ ಆ ರೂಟಲ್ಲಿ ಜನ ಇಲ್ಲಪ್ಪ," ಎಂದರು. ಬಸ್ಸೇ ಇಲ್ಲದ ದಾರಿಯಲ್ಲಿ ಜನ ಯಾವುದನ್ನು ಹತ್ತಬೇಕು ಸಾರ್ ಎಂದೆ. ಅವರು ಕರುಣೆಯಿಂದ ನನ್ನನ್ನು ನೋಡಿ, "ನಿಮ್ಮನೇಲಿ ಏನಾದ್ರೂ ಮದುವೆ ಇದ್ರೆ ಹೇಳು, ಕಳಿಸ್ತೀವಿ," ಎಂದರು.

ಅದನ್ನೂ ಗಂಭೀರವಾಗಿ ಆಲೋಚಿಸಿದೆವು. ವರನಾಗಲು ನಾನು ಸಿದ್ಧ. ಲಗ್ನಪತ್ರಿಕೆ ಬರೆಯಲು ಶ್ರೀಲತಾ ಸಿದ್ಧ. ಆದರೆ ಚಿಕ್ಕಮ್ಮನ ಕಿವಿಗೆ ಬಿದ್ದರೆ ಭಾನುವಾರದೊಳಗೆ ನಿಜವಾದ ಹೆಣ್ಣನ್ನೇ ತಂದು ನಿಲ್ಲಿಸುತ್ತಾರೆ. ಎರಡು ವರ್ಷದ ಜೈಲು ಉಷಾಳಿಗೆ, ಜೀವಾವಧಿ ನನಗೆ. ಇದು ಯಾವ ನ್ಯಾಯ?

ನಿನ್ನೆ ಅವಳ ಟ್ರಂಕಿಗೆ ಹೆಸರು ಬರೆಯುತ್ತಿದ್ದೆ. "ಬುಡಣ್ಣ, ಬಸ್ಸಿಲ್ದಿದ್ರೆ ಏನ್ ಮಾಡಕ್ಕಾಯ್ತದೆ," ಎಂದಳು. ಅದನ್ನೂ ಮೆಲ್ಲಗೆ ಹೇಳಿದಳು. ಇನ್ನೂ ಮನೆಯಲ್ಲೇ ಇದ್ದಾಳೆ, ಆಗಲೇ ದನಿ ತಗ್ಗಿಸಿದ್ದಾಳೆ. ನನ್ನ ಕೈಯಲ್ಲಿ ತಮಾಷೆ ಇದೆ, ಬಸ್ಸು ತಮ್ಮ ಕೈಯಲ್ಲಿದೆ. ತಮಾಷೆ ಮಾಡಿ ಮಾಡಿ ಸಾಕಾಯಿತು, ಅವಳು ನಗುತ್ತಿಲ್ಲ.

ಆದ್ದರಿಂದ ಮಹಾಶಯರೇ, ಭಾನುವಾರ ಆ ಬಸ್ಸು ರತ್ನಗಿರಿಗೆ ಹೋಗಲಿ. ಬಾರದಿದ್ದರೆ ನಾವು ನಾಲ್ವರು ಹೇಗಾದರೂ ತಮ್ಮ ಡಿಪೋದ ಅಂಗಳಕ್ಕೆ ಬಂದು ನಿಲ್ಲುತ್ತೇವೆ. ಘೋಷಣೆ ಇಲ್ಲ, ಧರಣಿ ಇಲ್ಲ. ಉಷಾ ಒಂದೇ ಒಂದು ಸಲ ಕೂಗುತ್ತಾಳೆ. ಬೆಟ್ಟದ ಮೇಲೆ ಕೂಗಿದರೆ ಗಾಳಿಗೆ ಹೋಗುತ್ತದೆ, ಅಂಗಳದಲ್ಲಿ ಕೂಗಿದರೆ ತಮ್ಮ ಕಿವಿಗೆ ಬರುತ್ತದೆ. ಜಾಗವನ್ನು ತಾವೇ ಆರಿಸಿಕೊಳ್ಳಿ.

ಇಂತಿ,
ಎರಡೂ ಕಡೆಯ ಬೀಗರಿಗೂ ಸಾರು ಬಡಿಸಿ, ಯಾವ ಕಡೆಗೂ ಸೇರದೆ ಉಳಿದ,
ಮುತ್ತುರಾಜ್
(ಈ ಸಲ ತಮಾಷೆ ಮಾಡುತ್ತಿಲ್ಲ)